ಬರೀ ನೀರಿನ ಪ್ರನಾಳ

“ಈ ಎರಡು ದ್ರಾವಣಗಳನ್ನು ಕೂಡಿಸಿದರೆ... ಏನೂ ಆಗುವುದಿಲ್ಲ!”

ಪಂಪಾವತಿಯ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಹೊಸಪೇಟೆಯ ಆ ಪಿಯು ಕಾಲೇಜಿನ ಪ್ರಯೋಗಾಲಯದ ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯವರು ಕುಳಿತಿದ್ದರು. ಹಿಂದೆ ವಿದ್ಯಾರ್ಥಿಗಳು. ಇದ್ದದ್ದು ರಸಾಯನಶಾಸ್ತ್ರದ ಒಂದೇ ಒಂದು ಕಾಯಂ ಹುದ್ದೆ. ಅದಕ್ಕೆ ಉಳಿದವರು ಇಬ್ಬರು. ಇವತ್ತು ಇಬ್ಬರದೂ ಮಾದರಿ ಪಾಠ.

“ಬೇರಿಯಂ ಕ್ಲೋರೈಡ್, ಸೋಡಿಯಂ ನೈಟ್ರೇಟ್. ಕೂಡಿದಾಗ ಇವು ಜೋಡಿ ಬದಲಿಸಿಕೊಳ್ಳಬಹುದು. ಆಗ ಸಿಗುವುದು ಬೇರಿಯಂ ನೈಟ್ರೇಟ್, ಸೋಡಿಯಂ ಕ್ಲೋರೈಡ್. ಎರಡೂ ನೀರಿನಲ್ಲಿ ಕರಗುತ್ತವೆ. ಕರಗದ ಜೋಡಿ ಹುಟ್ಟದಿದ್ದರೆ ಪ್ರಕ್ಷೇಪವೂ, ಅಂದರೆ ತಳಕ್ಕೆ ಕೂರುವ ಗಸಿಯೂ, ಹುಟ್ಟುವುದಿಲ್ಲ. ಇದನ್ನು ಕೂಡಿಸುವ ಮೊದಲೇ ಹೇಳಲು ಬರಬೇಕು. ಕೂಡಿಸಿದ ಮೇಲೆ ನೋಡಿ ಹೇಳುವುದು ಯಾರಿಗಾದರೂ ಬರುತ್ತದೆ.”

ಪ್ರಾಂಶುಪಾಲೆ ಶೈಲಜಾ ಮೆಚ್ಚುಗೆಯಿಂದ ತಲೆಯಾಡಿಸಿದರು.

ಪಂಪಾವತಿ ಒಂದು ಗಾಜಿನ ಪ್ರನಾಳದ ದ್ರಾವಣವನ್ನು ಇನ್ನೊಂದಕ್ಕೆ ಸುರಿದಳು.

ಪ್ರನಾಳದೊಳಗೆ ಬೆಳ್ಳಗೆ ಒಂದು ಮೋಡ ಎದ್ದಿತು! ನೋಡನೋಡುತ್ತಿದ್ದಂತೆ ಇಡೀ ದ್ರಾವಣ ಹಾಲಿನಂತಾಯಿತು.

ಅವಳು ಪ್ರನಾಳವನ್ನು ಬೆಳಕಿಗೆ ಎತ್ತಿ ಹಿಡಿದಳು. ‘ಇಲ್ಲ... ಇದು ಆಗಲಾರದು...’

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.

“ಏನೂ ಆಗಂಗಿಲ್ಲ ಅಂದಿದ್ದೆಲ್ಲಮ್ಮಾ?” ಮಂಡಳಿಯ ಕೊಟ್ರಯ್ಯ ಕುರ್ಚಿಗೆ ಒರಗಿ ನಕ್ಕರು. ಬೈಪಾಸಿನಲ್ಲಿ ಲಾರಿ ಬ್ಯಾಟರಿಗಳ ದೊಡ್ಡ ಅಂಗಡಿ ಅವರದು. “ಹಾಲು ಕಾಸೂದು ಒಂದು ಬಾಕಿ ಐತಿ ನೋಡು!”

ಆಗ ಕಿಟಕಿಯ ಪಕ್ಕದಿಂದ ಒಂದು ದನಿ ಬಂತು.

“ಮೇಡಂ... ಅದನ್ನ ಬರೀ ನೀರಿಗೆ ಹಾಕಿ ನೋಡ್ರಿ.”

ಸಿದ್ದಲಿಂಗೇಶ್. ಹುದ್ದೆಗೆ ನಿಂತ ಇನ್ನೊಬ್ಬ. ಕೊಟ್ರಯ್ಯನವರ ಮಗ. ಇದೇ ಕಾಲೇಜಿನ ಅತಿಥಿ ಉಪನ್ಯಾಸಕ. ಬೆಳಿಗ್ಗೆ ಸೋಡಿಯಂ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ ಅವಳ ಮುಂದೆ ಇಟ್ಟವನೂ ಅವನೇ!

ಕೋಣೆಯಲ್ಲಿ ನಗು ಇನ್ನೂ ಜೋರಾಯಿತು. ಪ್ರಯೋಗ ಬಾರದವಳು ಬರೀ ನೀರಿನಲ್ಲಿ ಆಡಿಕೊಳ್ಳಲಿ ಎಂದ ಹಾಗೆ ಎಲ್ಲರಿಗೂ ಕೇಳಿಸಿತ್ತು. ಅವಳಿಗೂ.

“ಈ ದ್ರಾವಣ ಮಾಡಿದ್ದು ನೀವಲ್ಲೇನ್ರಿ?” ಅವಳು ಅವನ ಕಣ್ಣಿಗೆ ಕಣ್ಣಿಟ್ಟು ಕೇಳಿದಳು. “ಏನು ಬೆರೆಸಿದ್ರಿ ಇದರಾಗ? ಬೇರಿಯಂ ಹಿಂಗ ಬೆಳ್ಳಗಾಗೋದು ಸಲ್ಫೇಟಿಗೆ. ಯಾವ ಸಲ್ಫೇಟ್ ಹಾಕಿದ್ರಿ?”

ನಗು ನಿಂತುಹೋಯಿತು.

ಸಿದ್ದಲಿಂಗೇಶ್ ಏನನ್ನೋ ಹೇಳಲು ಬಾಯಿ ತೆರೆದ. ಮೇಜಿನ ಕೆಳಗಿದ್ದ ನೀರಿನ ಕ್ಯಾನಿನ ಕಡೆ ಅವನ ಕಣ್ಣು ಹೋಯಿತು. ಅಲ್ಲಿಂದ ಅಪ್ಪನ ಮುಖಕ್ಕೆ. ಕೊಟ್ರಯ್ಯ ಮಗನನ್ನೇ ದಿಟ್ಟಿಸುತ್ತಿದ್ದರು.

ಅವನು ಬಾಯಿ ಮುಚ್ಚಿದ. ಕುಳಿತುಬಿಟ್ಟ.

ಆ ಮೌನ ಅವಳಿಗೆ ಸಾಕಾಯಿತು. ‘ತಪ್ಪು ಮಾಡಿದವರು ಹೀಗೇ ಸುಮ್ಮನಾಗುತ್ತಾರೆ.’

ಹೊರಡುವಾಗ ಕೊಟ್ರಯ್ಯ ಬಾಗಿಲಲ್ಲಿ ಕೇಳಿದರು. “ನಿಮ್ಮೂರು ಬಂಡ್ರಿ ಅಂದೆಲ್ಲ... ಬಂಡ್ರಿಯಾಗ ಯಾವ ಓಣಿ?”

ಆ ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಉತ್ತರ ಕೊಡದೆ ಮೆಟ್ಟಿಲಿಳಿದಳು.

*

“ಹೋಗ್ಲಿ ಬಿಡವ್ವಾ. ಊಟ ಮಾಡು,” ಅಂದಳು ಅವ್ವ ಬಸಕ್ಕ.

ಬಂಡ್ರಿಯ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಪಂಪಾವತಿಯ ಪದವಿ ಪ್ರದಾನದ ಫೋಟೊ. ಅಪ್ಪ ಎರ್ರೆಪ್ಪ ಗಣಿಯಲ್ಲಿ ಅದಿರು ತುಂಬಿ ಸವೆದವನು. ಮಗಳು ಹೊಸಪೇಟೆಯಲ್ಲಿ ಕಾಯಂ ಮೇಡಂ ಆಗುತ್ತಾಳೆಂದು ಓಣಿಯವರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದ. ಈಗ ಹೊರಗಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಮಗಳ ಮುಖ ನೋಡಲು ಹೆದರಿ ಬೀದಿಯ ಕಡೆ ತಿರುಗಿದ್ದ. ಅದೇ ಅವಳನ್ನು ಕೊಂದಿತು.

ವರ್ಷಕ್ಕೊಂದು ಕಾಲೇಜಿನಲ್ಲಿ ‘ಅತಿಥಿ’ಯಾಗಿ ಅಲೆದವಳು ಅವಳು. ಎಲ್ಲೂ ಅವಳ ಹೆಸರಿನ ಫಲಕವಿರಲಿಲ್ಲ. ಈ ಹುದ್ದೆ ಸಿಕ್ಕರೆ ಯಾರ ಹಂಗೂ ಇಲ್ಲದೆ, ಯಾವ ಓಣಿ ಎಂಬ ಪ್ರಶ್ನೆಗೆ ತಲೆ ತಗ್ಗಿಸದೆ ನಿಲ್ಲಬಹುದಿತ್ತು... ಒಂದು ಬಿಳಿ ಮೋಡ ಅದನ್ನೆಲ್ಲ ಮುಚ್ಚಿತ್ತು.

ಮಾರನೆಯ ದಿನ ಶೈಲಜಾ ಫೋನ್ ಮಾಡಿದರು.

“ಪಂಪಾವತಿ, ಈಗಲೇ ಯಾರನ್ನೂ ತಗೊಳ್ಳೋದು ಬೇಡ ಅಂತ ತೀರ್ಮಾನ ಆಗಿದೆ. ಈ ಟರ್ಮ್ ನೀವಿಬ್ಬರೂ ಪಾಠ ಮಾಡಿ. ಕೊನೆಗೆ ಒಬ್ಬರನ್ನು ಕಾಯಂ ಮಾಡ್ತೀವಿ. ಒಪ್ಪಿಗೇನಾ?”

ಅವನ ಜೊತೆ! ಅದೇ ಪ್ರಯೋಗಾಲಯದಲ್ಲಿ!

“ಒಪ್ಪಿಗೆ ಐತ್ರಿ ಮೇಡಂ,” ಅಂದಳು ಹಲ್ಲು ಕಚ್ಚಿ. ‘ನನಗೆ ಮಾಡಿದ್ದನ್ನು ಅವನಿಂದಲೇ ಒಪ್ಪಿಸುತ್ತೇನೆ. ಆಮೇಲೆ ಗೆದ್ದೇ ತೆಗೆದುಕೊಳ್ಳುತ್ತೇನೆ.’

*

ಬಂಡ್ರಿಯಿಂದ ಸಂಡೂರಿಗೆ ಬಂದು ಹತ್ತಿದ ಬಸ್ಸಿನಿಂದ ಹೊಸಪೇಟೆಯಲ್ಲಿ ಇಳಿಯುವಾಗ ಅವಳ ಸೀರೆಯ ಅಂಚಿಗೆ ಅದಿರಿನ ಕೆಂಪು ಧೂಳು ಹತ್ತಿರುತ್ತಿತ್ತು. ಅದನ್ನು ಕೊಡವಿ ಒಳಗೆ ಹೋದರೆ ಹಿಂದಿನ ಬೆಂಚಿನಿಂದ ಪಿಸುದನಿ.

“ಡೈರಿ ಬಂತಲೇ!”

“ಮಿಸ್, ಇವತ್ತು ಎಷ್ಟು ಲೀಟರ್ ರೀ?”

ಒಮ್ಮೆ ಆ ಮಾತು ಬಂದಾಗ ಸಿದ್ದಲಿಂಗೇಶ್ ಬಾಗಿಲಲ್ಲೇ ಇದ್ದ. ಕೈಯಲ್ಲಿದ್ದ ಡಸ್ಟರನ್ನು ಮೇಜಿಗೆ ಬಡಿದ.

“ಯಾರಲೇ ಅದು? ಎದ್ದು ನಿಲ್ಲು! ಮೇಡಂ ಹೇಳಿದ್ದರಾಗ ಒಂದಕ್ಷರನೂ ತಪ್ಪಿರಲಿಲ್ಲ. ತಿಳೀತಾ?”

ಕ್ಲಾಸು ಗಪ್‌ಚುಪ್ ಆಯಿತು. ಪಂಪಾವತಿಯ ಮುಖ ಕೆಂಪೇರಿತು.

ಕ್ಲಾಸು ಮುಗಿದ ಮೇಲೆ ಅವಳು ಅವನನ್ನು ಕಾರಿಡಾರಿನಲ್ಲಿ ತಡೆದಳು.

“ನನ್ನ ಪರ ಮಾತಾಡಾಕ ನಿಮ್ಮನ್ನ ಯಾರು ಕರದ್ರು?”

“ಮೇಡಂ, ಆ ಹುಡುಗರು...”

“ಆ ಹುಡುಗರಿಗೆ ಈ ಆಟ ಕಲಿಸಿದ್ದು ಯಾರು? ಮೊದಲು ಕೆಸರು ಎರಚೋದು, ಆಮ್ಯಾಲ ಟವೆಲ್ ಕೊಡೋದು. ಭಾಳ ಚಂದ ಐತ್ರಿ ನಿಮ್ಮ ಪದ್ಧತಿ!”

“ನಾನು ಏನೂ ಬೆರೆಸಲಿಲ್ರಿ.”

“ಹಂಗಾದ್ರ ಬೆಳ್ಳಗ ಯಾಕಾತು? ಹೇಳ್ರಿ. ಕೆಮಿಸ್ಟ್ರಿ ಓದೀರಲ್ಲ, ಕಾರಣ ಹೇಳ್ರಿ!”

ಅವನು ಅವಳನ್ನೇ ನೋಡಿದ. ಮತ್ತೆ ಅದೇ ಮೌನ!

“ಇದೊಂದು ಗೊತ್ತೈತಿ ನಿಮಗ,” ಅಂದಳು ಅವಳು. “ಸುಮ್ಮನಿರೋದು.”

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಆದರೆ ಅವನು ತನ್ನ ಪ್ರಯೋಗದ ತಂಡಗಳಿಗೆ ಒಂದು ಹೊಸ ಪದ್ಧತಿ ಹಾಕಿಕೊಟ್ಟಿದ್ದ. ಪ್ರತಿ ವಿದ್ಯಾರ್ಥಿಯೂ ಸ್ಟ್ಯಾಂಡಿನಲ್ಲಿ ಒಂದು ಪ್ರನಾಳ ಹೆಚ್ಚಿಗೆ ಇಡಬೇಕು. ಅದರಲ್ಲಿ ಬರೀ ನೀರು. ದ್ರಾವಣಕ್ಕೆ ಏನನ್ನು ಹಾಕುತ್ತಾರೋ ಅದನ್ನು ಮೊದಲು ಆ ನೀರಿಗೂ ಹಾಕಿ ನೋಡಬೇಕು.

ಸಾಲುಸಾಲಾಗಿ ನಿಂತ ಆ ಬರೀ ನೀರಿನ ಪ್ರನಾಳಗಳನ್ನು ಕಂಡಾಗಲೆಲ್ಲ ಅವಳಿಗೆ ಕೊಟ್ರಯ್ಯನ ನಗು ಕೇಳಿಸುತ್ತಿತ್ತು. ‘ಬರೀ ನೀರಿಗೆ ಹಾಕಿ ನೋಡ್ರಿ...’ ದಿನಾಲೂ, ಅವಳ ಕಣ್ಣೆದುರಿಗೇ, ಅದೇ ಅಣಕ!

ತನ್ನ ತಂಡಗಳಿಗೆ ಅವಳು ಆ ಪ್ರನಾಳ ಇಡಲು ಬಿಡಲಿಲ್ಲ.

ಒಂದು ಮಧ್ಯಾಹ್ನ ಇಬ್ಬರ ತಂಡಗಳೂ ಒಟ್ಟಿಗೆ ಬಂದವು. ಲೆಡ್ ನೈಟ್ರೇಟಿಗೆ ಪೊಟ್ಯಾಸಿಯಂ ಅಯೊಡೈಡ್ ಹಾಕುವ ಪ್ರಯೋಗ.

“ಮೊದಲು ಹೇಳಿ, ಏನಾಗುತ್ತದೆ?” ಅವಳು ಕೇಳಿದಳು.

“ಹಳದಿ ಗಸಿ ಕುಂದ್ರತೈತ್ರಿ ಮಿಸ್!”

ಹಳದಿ ಪ್ರಕ್ಷೇಪ ಕುಳಿತಿತು. ಸಿದ್ದಲಿಂಗೇಶ್ ಆ ಪ್ರನಾಳವನ್ನು ಮೆಲ್ಲಗೆ ಉರಿಯ ಮೇಲೆ ಹಿಡಿದ. ಹಳದಿ ಕರಗಿ ದ್ರಾವಣ ತಿಳಿಯಾಯಿತು. ಆಮೇಲೆ ಅದನ್ನು ಆರಲು ಬಿಟ್ಟ.

ಎಲ್ಲರೂ ಉಸಿರು ಹಿಡಿದು ಬಗ್ಗಿದರು. ಒಂದು ಮಿಣುಕು... ಇನ್ನೊಂದು... ತಣಿಯುತ್ತ ಹೋದಂತೆ ಪ್ರನಾಳದ ತುಂಬ ಚಿನ್ನದ ಚೂರುಗಳು ತೇಲಿ ಇಳಿಯತೊಡಗಿದವು.

ಅವಳು ತಲೆಯೆತ್ತಿದಳು. ಅವನು ಪ್ರನಾಳವನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

ಒಂದು ಕ್ಷಣ ಅವಳಿಗೆ ದ್ವೇಷಿಸುವುದು ಮರೆತುಹೋಯಿತು.

ಮರುಕ್ಷಣವೇ ಮುಖ ತಿರುಗಿಸಿದಳು. ‘ಛೀ... ನನಗೇನಾಗಿದೆ? ಇವನು ನನ್ನ ಅನ್ನ ಕಸಿಯಲು ಬಂದವನು!’

ಅವತ್ತು ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಚಿನ್ನದ ಚೂರುಗಳು ಇಳಿಯುತ್ತಲೇ ಇದ್ದವು. ತನ್ನ ಮೇಲೇ ಅವಳಿಗೆ ವಿಪರೀತ ಸಿಟ್ಟು ಬಂತು.

*

ಟರ್ಮ್ ಮುಗಿಯುತ್ತ ಬಂದಿತ್ತು. ಸಿದ್ದಲಿಂಗೇಶ್ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಕಂಪ್ಲಿಗೆ ಹೋಗಿದ್ದ. ಒಂದೆರಡು ದಿನ ಅವನು ಬರುವುದಿಲ್ಲ ಎಂದಾಗ ಪಂಪಾವತಿಗೆ ಹಗುರಾಗಬೇಕಿತ್ತು.

ಆಗಲಿಲ್ಲ.

ಬಾಗಿಲಲ್ಲಿ ನೆರಳು ಸರಿದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು. ಪಾಠ ನಡೆಯಿತು, ಗಂಟೆ ಹೊಡೆಯಿತು. ಜಗಳವಿಲ್ಲ, ಕೊಂಕಿಲ್ಲ, ಎದೆ ಬಡಿತದ ಏರಿಳಿತವೂ ಇಲ್ಲ. ದಿನವೆಂಬುದು ಸಪ್ಪಗೆ ಕಳೆದುಹೋಯಿತು. ಅದನ್ನು ಅವಳು ಸೆಕೆ ಎಂದುಕೊಂಡಳು.

ಮರುದಿನ ಅವಳ ತಂಡದ ಪ್ರಯೋಗ. ಹೊಸ ಬಾಟಲಿಯ ಮುಚ್ಚಳ ತಾನೇ ಒಡೆದು, ಪೊಟ್ಯಾಸಿಯಂ ನೈಟ್ರೇಟನ್ನು ಮೇಜಿನ ಬಳಿಯಿದ್ದ ಕ್ಯಾನಿನ ನೀರಿನಲ್ಲಿ ತಾನೇ ಕರಗಿಸಿದಳು. ಪಕ್ಕದಲ್ಲಿ ಬೇರಿಯಂ ಕ್ಲೋರೈಡಿನ ಹಳೆಯ ಬಾಟಲಿ.

“ಕೂಡಿಸಿದರೆ ಏನಾಗುತ್ತದೆ?”

“ಏನೂ ಆಗಂಗಿಲ್ರಿ ಮಿಸ್. ಎರಡೂ ಜೋಡಿ ಕರಗತಾವು.”

“ಸರಿ. ಹಾಕಿ.”

ಪ್ರನಾಳದಲ್ಲಿ ಬೆಳ್ಳನೆಯ ಮೋಡ ಎದ್ದಿತು.

ಯಾರೂ ನಗಲಿಲ್ಲ. ಅವಳ ಮುಖ ನೋಡಿ ಹೆದರಿದ್ದರು.

‘ಅವನು ಊರಲ್ಲಿಲ್ಲ. ಬಾಟಲಿ ಒಡೆದದ್ದು ನಾನು. ಕರಗಿಸಿದ್ದು ನಾನು. ಹಾಗಾದರೆ... ಹಾಗಾದರೆ ಅವತ್ತು?’

ಮನಸ್ಸು ಎಲ್ಲವನ್ನೂ ಒಂದೊಂದಾಗಿ ತಡವಿತು. ಉಪ್ಪು ಬೇರೆ. ಕೈ ಬೇರೆ. ಬೇರಿಯಂ ಬಾಟಲಿಯಲ್ಲೇ ಸಲ್ಫೇಟ್ ಇದ್ದಿದ್ದರೆ ಅದೇ ಬೆಳ್ಳಗಾಗಿರುತ್ತಿತ್ತು. ಅದು ಬಿಟ್ಟರೆ ಎರಡೂ ದಿನಕ್ಕೆ ಸಮಾನವಾದದ್ದು ಒಂದೇ.

ನೀರು.

ಅವಳ ಕೈ ತಾನಾಗಿಯೇ ಖಾಲಿ ಪ್ರನಾಳಕ್ಕೆ ಹೋಯಿತು. ಅದಕ್ಕೆ ಕ್ಯಾನಿನಿಂದ ಬರೀ ನೀರು ಹಿಡಿದಳು. ಒಂದು ಹನಿ ಬೇರಿಯಂ ಕ್ಲೋರೈಡ್ ಬಿಟ್ಟಳು.

ಬರೀ ನೀರು ಹಾಲಾಯಿತು.

“ಜಂಬಪ್ಪಾ! ಈ ನೀರು ಎಲ್ಲೀದು?”

ಅಟೆಂಡರ್ ಜಂಬಪ್ಪ ಗಾಬರಿಯಿಂದ ಓಡಿಬಂದ. “ಯಾಕ್ರಿ ಮೇಡಂ? ಮೂಲ್ಯಾಗಿಂದು ಹಳೆ ಕ್ಯಾನು ರೀ. ಕೊಟ್ರಯ್ಯನೋರ ಅಂಗಡೀದು. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಕಾಲೇಜಿಗೆ ಅವರೇ ಪುಕ್ಕಟೆ ಕಳಸ್ತಿದ್ರು.”

“ದಿನಾ ಇದನ್ನೇ ಕೊಡ್ತಿದ್ದೇನು?”

“ಇಲ್ರಿ. ಈ ಟರ್ಮ್ ಪೂರಾ ಸಿದ್ದಲಿಂಗೇಶ್ ಸಾರೇ ಬೆಳಿಗ್ಗೆ ಜಲ್ದಿ ಬಂದು ನೀರು ಕಾಸಿ, ಆವಿ ಇಳಿಸಿ ತುಂಬಿ ಇಡ್ತಿದ್ರು. ಆ ಕ್ಯಾನು ಮುಟ್ಟಬ್ಯಾಡ ಅಂದಿದ್ರು. ಇವತ್ತು ಅವರಿಲ್ಲ, ನೀರು ಮುಗದಿತ್ತು... ನಾನೇ ತಗದೆ ರೀ. ತಪ್ಪಾತೇನ್ರಿ?”

ಅವಳು ಕ್ಯಾನನ್ನು ತಿರುಗಿಸಿದಳು. ಅಂಗಡಿಯ ಸ್ಟಿಕ್ಕರಿನ ಅಂಚು ಎದ್ದಿತ್ತು. ಉಗುರಿನಿಂದ ಎಳೆದಳು. ಕೆಳಗೆ ಇನ್ನೊಂದು ಹಳೆಯ ಸ್ಟಿಕ್ಕರ್: ಬ್ಯಾಟರಿ ಆ್ಯಸಿಡ್.

ಬ್ಯಾಟರಿ ಆ್ಯಸಿಡ್ ಎಂದರೆ ಸಲ್ಫ್ಯೂರಿಕ್ ಆಮ್ಲ. ಖಾಲಿಯಾದ ಆ್ಯಸಿಡ್ ಕ್ಯಾನನ್ನು ಒಮ್ಮೆ ಗಲಗಲ ತೊಳೆದು ಅದಕ್ಕೇ ಶುದ್ಧ ನೀರು ತುಂಬಿದ್ದರು! ಲಾರಿಯ ಬ್ಯಾಟರಿಗೆ ಅದರಿಂದ ನಷ್ಟವಿಲ್ಲ. ಅದರೊಳಗೆ ಇರುವುದೇ ಆ್ಯಸಿಡ್. ಆದರೆ ಬೇರಿಯಂ ಬಿದ್ದರೆ ಅದು ಆ್ಯಸಿಡ್ಡಿನಿಂದ ಉಳಿದ ಚೂರು ಸಲ್ಫೇಟನ್ನೂ ಹಿಡಿದು ಬೆಳ್ಳಗೆ ಮಾಡುತ್ತದೆ.

ಅವನು ಏನೂ ಬೆರೆಸಿರಲಿಲ್ಲ. ‘ಬರೀ ನೀರಿಗೆ ಹಾಕಿ ನೋಡ್ರಿ’ ಎಂದದ್ದು ಅಣಕವಲ್ಲ. ಅದೇ ಉತ್ತರವಾಗಿತ್ತು!

ಅವಳ ಕಣ್ಣು ತುಂಬಿ ಬಂತು. ಆದರೆ ಆ ನೀರು ಕೆನ್ನೆಗೆ ಇಳಿಯುವ ಮೊದಲೇ ಇನ್ನೊಂದು ಯೋಚನೆ ಅದನ್ನು ಸುಟ್ಟಿತು.

‘ಗೊತ್ತಿತ್ತು... ಅವನಿಗೆ ಅವತ್ತೇ ಗೊತ್ತಿತ್ತು!’

*

ಬೈಪಾಸಿನ ಅಂಗಡಿಯ ಮುಂದೆ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು. ಕಂಪ್ಲಿಯಿಂದ ಆಗಷ್ಟೇ ಬಂದ ಸಿದ್ದಲಿಂಗೇಶ್ ಬೈಕು ನಿಲ್ಲಿಸುತ್ತಿದ್ದ. ಆಟೋದಿಂದ ಇಳಿದ ಪಂಪಾವತಿ ಕ್ಯಾನನ್ನು ಅವನ ಕಾಲ ಬಳಿ ಕುಕ್ಕಿದಳು.

“ಬರೀ ನೀರಿಗೆ ಹಾಕಿ ನೋಡಿದೆ ರೀ!”

ಅವನ ಮುಖ ಬಿಳಿಚಿತು.

ಒಳಗಿನಿಂದ ಕೊಟ್ರಯ್ಯ ಬಂದರು. “ಏನಮ್ಮಾ ಇದು, ಅಂಗಡಿ ಮುಂದ ಗಲಾಟೆ?”

“ನಿಮ್ಮ ಆ್ಯಸಿಡ್ ಕ್ಯಾನಿನಾಗ ನೀರು ತುಂಬಿ ಕಾಲೇಜಿಗೆ ಕಳಿಸಿದ್ರಲ್ಲ, ಅದರ ಸಲುವಾಗಿ ಬಂದೀನ್ರಿ.”

“ತೊಳದ ಮ್ಯಾಲೇ ತುಂಬೀವಿ! ಪುಕ್ಕಟೆ ಕೊಟ್ಟಿದ್ದಕ್ಕ ಈ ಮಾತು ಬ್ಯಾರೆ. ಎಷ್ಟು ವರ್ಷದಿಂದ ಲಾರಿಯವರು ಒಯ್ತಾರ, ಒಬ್ಬನೂ ಬಾಯಿ ಬಿಟ್ಟಿಲ್ಲ. ನಿನ್ನ ಕೈ ಗುಣಕ್ಕ ನನ್ನ ನೀರು ಏನು ಮಾಡತೈತಿ?”

“ಅಪ್ಪಾ, ಸಾಕು,” ಅಂದ ಸಿದ್ದಲಿಂಗೇಶ್.

“ನೀ ಸುಮ್ನಿರಲೇ! ಅವತ್ತೂ ಇದನ್ನೇ ಹೇಳಾಕ ಬಂದಿದ್ದಿ. ಮಂಡಳಿಯವರ ಮುಂದ ನನ್ನ ಮಾನ ತಗೀತಿದ್ದಿ.”

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. “ಅಂದ್ರ ಖರೇನ? ಅವತ್ತೇ ಗೊತ್ತಿತ್ತು?”

“ಆ ಕ್ಷಣಕ್ಕ ಅನುಮಾನ. ಸಂಜೀಗೆ ನೀರು ಪರೀಕ್ಷೆ ಮಾಡಿದೆ... ಖಾತ್ರಿ ಆತು. ಶೈಲಜಾ ಮೇಡಂಗೆ ಹೇಳಿದೆ. ನಿಮ್ಮನ್ನ ಕಳಿಸಬ್ಯಾಡ್ರಿ, ಇನ್ನೊಂದು ಅವಕಾಶ ಕೊಡ್ರಿ ಅಂದೆ. ಆದ್ರ ಮಂಡಳಿಗೆ ಕಾರಣ ತಿಳಿಸಬ್ಯಾಡ್ರಿ ಅಂತಾನೂ ಅಂದೆ. ಅಪ್ಪ...”

“ಅಪ್ಪನ ಮಾನ.”

ಅವನು ತಲೆ ತಗ್ಗಿಸಿದ.

“ನಿಮ್ಮಪ್ಪಗ ಮಾನ ಐತಿ. ಕಟ್ಟೆ ಮ್ಯಾಲ ಕುಂತು ಮಗಳ ಮುಖ ನೋಡಾಕ ಹೆದರೋ ನಮ್ಮಪ್ಪಗ ಇಲ್ಲ?” ಅವಳ ದನಿ ಒಡೆಯಿತು. “ಒಂದು ಟರ್ಮ್ ಪೂರಾ ಆ ಹುಡುಗರು ನನ್ನ ಡೈರಿ ಅಂದ್ರು ರೀ. ನೀವು ಕದ್ದು ನೀರು ಕಾಸಿ ಇಟ್ರಿ. ಕದ್ದು ಒಳ್ಳೇದು ಮಾಡಿದ್ರಿ. ನನಗ ಬೇಕಾಗಿದ್ದು ಅದಲ್ಲ. ನಾಕು ಮಂದಿ ಎದುರಿಗೆ ಹೋಗಿದ್ದು ನಾಕು ಮಂದಿ ಎದುರಿಗೇ ಬರಬೇಕಿತ್ತು!”

“ನಾನು ಹುದ್ದೆಯಿಂದ ಹಿಂದ ಸರೀತೀನಿ. ಅದು ನಿಮಗ...”

“ಬ್ಯಾಡ!” ಅವಳು ಕಿರುಚಿದಳು. ಲಾರಿಯ ಕ್ಲೀನರೊಬ್ಬ ತಿರುಗಿ ನೋಡಿದ. “ನೀವು ಬಿಟ್ಟಿದ್ದನ್ನ ತಗೊಳ್ಳಾಕ ನಾನು ಕೈಯೊಡ್ಡಿ ನಿಂತಿಲ್ಲ. ಅವತ್ತು ಎಲ್ಲಿ ಬಾಯಿ ಮುಚ್ಚಿದ್ರೋ, ಅಲ್ಲೇ ತಗೀರಿ. ಆಗಲಿಲ್ಲಂದ್ರ ಇನ್ನ ಮುಂದ ನನ್ನ ಮುಖಕ್ಕ ಮುಖ ಕೊಡಬ್ಯಾಡ್ರಿ.”

ಅವಳು ಆಟೋ ಹತ್ತಿದಳು. ಧೂಳಿನಲ್ಲಿ ಅಪ್ಪ ಮಗ ಇಬ್ಬರೂ ನಿಂತಿದ್ದರು. ಅವರ ನಡುವೆ ಆ ಕ್ಯಾನು.

*

ತೀರ್ಮಾನದ ದಿನ. ಅದೇ ಪ್ರಯೋಗಾಲಯ. ಅದೇ ಕುರ್ಚಿಗಳು. ಹಿಂದೆ ಅದೇ ವಿದ್ಯಾರ್ಥಿಗಳು.

ಶೈಲಜಾ ಮಾತು ಆರಂಭಿಸುವ ಮೊದಲೇ ಸಿದ್ದಲಿಂಗೇಶ್ ಎದ್ದು ನಿಂತ. ಕೈಯಲ್ಲಿ ಆ ಕ್ಯಾನು ಇತ್ತು.

ಪಂಪಾವತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ‘ಹೇಳುತ್ತಾನಾ? ಅಪ್ಪ ಎದುರಿಗೇ ಇದ್ದಾರೆ...’

“ಲೇ ಸಿದ್ದು, ಕುಂದ್ರು,” ಅಂದರು ಕೊಟ್ರಯ್ಯ, ಮೆಲ್ಲಗೆ. ಆ ಮೆಲುದನಿಯೇ ಭಯ ಹುಟ್ಟಿಸುವಂತಿತ್ತು.

“ಅವತ್ತು ಕುಂತೆ ಅಪ್ಪಾ. ಇವತ್ತು ಕುಂದ್ರಂಗಿಲ್ಲ.”

ಅವನು ಮೇಜಿನ ಬಳಿ ಬಂದ. ಪ್ರನಾಳಕ್ಕೆ ಕ್ಯಾನಿನ ನೀರು ತುಂಬಿ ಎತ್ತಿ ಹಿಡಿದ.

“ಇದು ಬರೀ ನೀರು. ನಮ್ಮ ಅಂಗಡೀದು. ಮೇಡಂ ಮಾದರಿ ಪಾಠ ಮಾಡಿದ ದಿನ ಇದೇ ನೀರಿನಾಗ ನಾನು ಉಪ್ಪು ಕರಗಿಸಿ ಕೊಟ್ಟಿದ್ದೆ. ನೋಡ್ರಿ.”

ಬೇರಿಯಂ ಕ್ಲೋರೈಡಿನ ಒಂದು ಹನಿ ಬಿತ್ತು. ನೀರು ಬೆಳ್ಳಗಾಯಿತು.

“ಇದು ಆ್ಯಸಿಡ್ ತುಂಬಿದ್ದ ಕ್ಯಾನು. ಸರಿಯಾಗಿ ತೊಳದಿರಲಿಲ್ಲ. ಮೇಡಂ ಏನೂ ಆಗಂಗಿಲ್ಲ ಅಂದಿದ್ದು ಸರಿ ಇತ್ತು. ತಪ್ಪು ನೀರಿಂದು. ಅದು ಗೊತ್ತಿದ್ದೂ ಸುಮ್ಮನಿದ್ದೆ. ಆ ತಪ್ಪು ನಂದು.”

ಕೊಟ್ರಯ್ಯ ನೆಲ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

“ನನಗೂ ಗೊತ್ತಿತ್ತು,” ಶೈಲಜಾ ಕನ್ನಡಕ ತೆಗೆದು ಹೇಳಿದರು. “ನಾನೂ ಮಾತಾಡಬೇಕಿತ್ತು. ಪಂಪಾವತಿ... ಕ್ಷಮಿಸಿ.”

ಪಂಪಾವತಿ ಎದ್ದಳು. ಇಷ್ಟು ದಿನ ಈ ಗಳಿಗೆಗಾಗಿ ಎಷ್ಟೊಂದು ಚುಚ್ಚುಮಾತುಗಳನ್ನು ಕೂಡಿಟ್ಟಿದ್ದಳು! ಈಗ ಒಂದೂ ಬಾಯಿಗೆ ಬರಲಿಲ್ಲ.

“ನನ್ನ ಪಾಠ ಅರ್ಧಕ್ಕೆ ನಿಂತಿತ್ತು,” ಅಂದಳು. “ಮುಗಿಸಲಾ?”

ಕಾಸಿ ಆವಿ ಇಳಿಸಿದ ನೀರಿನಲ್ಲಿ ಸೋಡಿಯಂ ನೈಟ್ರೇಟನ್ನು ಕರಗಿಸಿದಳು. ಸ್ಟ್ಯಾಂಡಿನಲ್ಲಿ ಮೊದಲು ಒಂದು ಬರೀ ನೀರಿನ ಪ್ರನಾಳ ಇಟ್ಟಳು. ಅದನ್ನು ಕಂಡು ಸಿದ್ದಲಿಂಗೇಶ್ ತಟ್ಟನೆ ತಲೆಯೆತ್ತಿದ. ನೀರಿಗೆ ಒಂದು ಹನಿ ಬೇರಿಯಂ ಕ್ಲೋರೈಡ್ ಬಿಟ್ಟಳು. ನೀರು ನೀರಾಗಿಯೇ ಉಳಿಯಿತು.

“ಈಗ ಎರಡು ದ್ರಾವಣಗಳನ್ನು ಕೂಡಿಸುತ್ತೇನೆ. ಏನಾಗುತ್ತದೆ?”

ಹಿಂದಿನ ಬೆಂಚಿನಿಂದ, ಡೈರಿ ಎಂದಿದ್ದ ಅದೇ ದನಿ, ಸಣ್ಣಗೆ ಹೇಳಿತು. “ಏನೂ ಆಗಂಗಿಲ್ರಿ ಮಿಸ್.”

ಅವಳು ಸುರಿದಳು.

ಏನೂ ಆಗಲಿಲ್ಲ.

ಕಿಟಕಿಯ ಬೆಳಕು ಪ್ರನಾಳದ ಆಚೆಯಿಂದ ಈಚೆಗೆ ನೇರ ಹಾದುಬಂತು. ಅಷ್ಟು ತಿಳಿಯಾದದ್ದನ್ನು ಅವಳು ಬಹಳ ದಿನಗಳಿಂದ ನೋಡಿರಲಿಲ್ಲ.

ಕೊಟ್ರಯ್ಯ ಎದ್ದರು. ಯಾರ ಕಡೆಗೂ ನೋಡದೆ ಕ್ಯಾನನ್ನು ಕೈಗೆತ್ತಿಕೊಂಡು ಹೊರಗೆ ಹೋದರು.

ಉಳಿದವರು ಬಾಗಿಲು ಹಾಕಿಕೊಂಡು ಮಾತಾಡಿದರು. ಆಮೇಲೆ ಶೈಲಜಾ ಹೊರಗೆ ಬಂದು ಪಂಪಾವತಿಯ ಕೈ ಹಿಡಿದರು. “ಫಲಕಕ್ಕೆ ಹೆಸರು ಹೇಗೆ ಬರೆಸಬೇಕು, ಹೇಳಿ.”

ಅವಳು ಮೊದಲು ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಎರ್ರೆಪ್ಪ ಮೂಗು ಎಳೆದುಕೊಂಡ ಸದ್ದು ಬಂತು. ಆಮೇಲೆ ಅವ್ವನ ದನಿ: “ಕಟ್ಟೆ ಬಿಟ್ಟು ಎದ್ದ ನೋಡವ್ವಾ ನಿಮ್ಮಪ್ಪ! ಓಣಿ ತುಂಬ ಹೇಳಾಕ ಹೊಂಟಾನ!”

*

ಹೊಸ ಟರ್ಮ್ ಆರಂಭವಾದ ವಾರ, ಸಂಜೆ ಅವಳು ಕಾಲೇಜಿನ ಗೇಟಿನ ಮುಂದೆ ಬಸ್ಸಿಗೆ ಕಾಯುತ್ತಿದ್ದಳು. ರಸ್ತೆಯಾಚೆ ಮಿರ್ಚಿ ಬಂಡಿಯ ಎಣ್ಣೆ ಚುರುಗುಟ್ಟುತ್ತಿತ್ತು. ಸಿದ್ದಲಿಂಗೇಶ್ ಬಂದು ಸ್ವಲ್ಪ ದೂರದಲ್ಲಿ ನಿಂತ. ಅವನಿಗೆ ಕಂಪ್ಲಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು.

“ನಿಮ್ಮಪ್ಪ ಹೆಂಗದಾರ?” ಅವಳೇ ಕೇಳಿದಳು.

“ಆ್ಯಸಿಡ್ ಕ್ಯಾನಿಗೆಲ್ಲ ಕೆಂಪು ಬಣ್ಣ ಬಳಿಸ್ಯಾರ. ಅವಕ್ಕ ಇನ್ನ ನೀರು ತುಂಬೋ ಹಂಗಿಲ್ಲ ಅಂತ ಹೇಳ್ಯಾರ.” ಒಂದು ಕ್ಷಣ ಬಿಟ್ಟು, “ನನ್ನ ಜತಿ ಮಾತ್ರ ಮಾತಾಡವಲ್ರು.”

“ಬ್ಯಾಸರ ಆಗೈತೇನು?”

“ಆಗೈತಿ. ಆದ್ರ ಈಗ ನಿದ್ದೆ ಬರತೈತಿ.”

ಒಂದು ಲಾರಿ ಹಾದುಹೋಯಿತು. ಕೆಂಪು ಧೂಳು ಇಬ್ಬರ ಮೇಲೂ ಕುಳಿತಿತು.

“ನಾನು ನಿಮಗ ಭಾಳ ಅಂದೀನಿ,” ಅಂದಳು ಅವಳು. “ಕೆಲವೊಂದು ವಾಪಸ್ ತಗೋತೀನಿ. ಸುಮ್ಮನಿದ್ದಿದ್ದಕ್ಕ ಅಂದಿದ್ದನ್ನ ತಗೊಳ್ಳಂಗಿಲ್ಲ.”

“ತಗೋಬ್ಯಾಡ್ರಿ. ಇರ್ಲಿ ಅದು.” ಅವನು ನೆಲ ನೋಡುತ್ತ ಹೇಳಿದ. “ಇನ್ನೊಂದಕ್ಕೂ ಸುಮ್ಮನಿದ್ದೆ ನಾನು. ಆ ಚಿನ್ನದ ಪ್ರಯೋಗದ ದಿನದಿಂದ. ಇವತ್ತು ಹೇಳಿಬಿಡ್ತೀನಿ. ನೀವಂದ್ರ... ನನಗ ಭಾಳ ಇಷ್ಟ. ಹುದ್ದೆಯ ಸಂಬಂಧ ಮುಗಿಯೂತನಾ ಹೇಳಬಾರದು ಅಂತ ಇದ್ದೆ. ನಿಮ್ಮನಿ, ನಮ್ಮನಿ, ಓಣಿ... ಎಲ್ಲ ಗೊತ್ತೈತಿ. ಗೊತ್ತಿದ್ದೇ ಹೇಳಾಕತ್ತೀನಿ. ನಿಮಗ ಸಿಟ್ಟು ಬಂದ್ರ ಬೈರಿ.”

ಅವಳು ಬೈಯಲಿಲ್ಲ. ಸೆರಗಿನ ಧೂಳು ಕೊಡವಿದಳು. ಹೋಗದ ಧೂಳನ್ನೂ ಕೊಡವಿದಳು.

“ನೀವು ಕಂಪ್ಲಿಗೆ ಹೋಗಿದ್ರಲ್ಲ, ಗೃಹಪ್ರವೇಶಕ್ಕ...”

“ಹೂಂ.”

“ಮೊದಲನೇ ದಿನ ಇಲ್ಲಿ ಎಲ್ಲಾ ಹಂಗೇ ಇತ್ತು. ಅದೇ ಲ್ಯಾಬು, ಅವೇ ಹುಡುಗರು. ನೀವೊಬ್ರು ಇರಲಿಲ್ಲ.” ಅವಳ ದನಿ ತಗ್ಗಿತು. “ಏನೂ ಆಗಲಿಲ್ಲ ರೀ ಅವತ್ತು. ಸಿಟ್ಟು ಬರಲಿಲ್ಲ. ಎದೆ ಹೊಡಕೊಳ್ಳಲಿಲ್ಲ. ಬಾಗಿಲು ನೋಡಿದ್ದೇ ಆತು.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಅಂದ್ರ ಅದು...”

“ಬರೀ ನೀರಿನ ಪ್ರನಾಳ,” ಅಂದಳು ಪಂಪಾವತಿ. ಈಗ ಅವಳ ಕಣ್ಣಲ್ಲಿ ನಗು ಇತ್ತು. “ನೀವೇ ಹೇಳಿಕೊಟ್ಟಿದ್ದು. ಮೊದಲು ಅದನ್ನ ನೋಡಬೇಕು ಅಂತ. ಅದರಾಗ ಏನೂ ಆಗಲಿಲ್ಲಂದ್ರ, ಆಗಿದ್ದೆಲ್ಲ ನಿಮ್ಮಿಂದ್ಲೇ ಅಂತ ಆತಲ್ಲ.”

ದೂರದಲ್ಲಿ ಸಂಡೂರಿನ ಬಸ್ಸು ಕಾಣಿಸಿತು. ಅದು ಹತ್ತಿರ ಬಂತು, ನಿಂತಿತು, ಕಂಡಕ್ಟರ್ ಕೂಗಿದ.

ಅವಳು ಹತ್ತಲಿಲ್ಲ.

“ಬಸ್ಸು ಹೊಂಟತಲ್ರಿ?”

“ಹೋಗ್ಲಿ. ಹಿಂದ ಇನ್ನೊಂದು ಐತಿ.” ಅವಳು ಮಿರ್ಚಿ ಬಂಡಿಯ ಕಡೆ ನೋಡಿದಳು. “ಹಸಿವ್ಯಾಗೈತಿ. ಏನಾದ್ರೂ ಮಾತಾಡ್ರಿ ಈಗ... ಸುಮ್ಮನಿರಬ್ಯಾಡ್ರಿ.”